ಕಿಚ್ಚಮ್ಮನ ಮೊಸರು

ನಮ್ಮೂರಿಗೆ ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲರೂ ಕೆಲಸ ಬಿಟ್ಟು ನೋಡೋಕೆ ಹೋಗಿದ್ದೆವು. ತಿರುಪು ತಿರುಗಿಸಿದರು, ಗ್ಯಾಸು ಸುಯ್ ಅಂತು, ಲೈಟರು ಟಕ್ ಟಕ್ ಅಂತು, ಬೆಂಕಿ ಮಾತ್ರ ಬರಲಿಲ್ಲ. ತಂದ ಪುಣ್ಯಾತ್ಮ ಮುಖ ಸಣ್ಣಗೆ ಮಾಡಿಕೊಂಡು ಎಲ್ಲವನ್ನೂ ವಾಪಸ್ ಲಾರಿಗೆ ಹಾಕಿಕೊಂಡು ಹೋದ. ಕಡ್ಡಿ ಗೀರಿದರೂ ನಮ್ಮಲ್ಲಿ ಅಷ್ಟೇ. ಕರೆಂಟಿನಲ್ಲಿ ಬಲ್ಬು ಉರಿಯುತ್ತೆ, ಫ್ಯಾನು ತಿರುಗುತ್ತೆ, ಬಿಸಿ ಅನ್ನೋದು ಬರಲ್ಲ. ನಮ್ಮೂರಲ್ಲಿ ಬೆಂಕಿ ಹುಟ್ಟೋದು ಮುಟ್ಟು ನಿಂತ ಹೆಂಗಸಿನ ಅಂಗೈಯಲ್ಲಿ. ಮೈಗೆ ಝಳ ಏರಿದ ಹೊತ್ತಿಗೆ ಒಂದು ಹಿಡಿ ತೆಂಗಿನ ನಾರು ಹಿಡಿದುಕೊಂಡರೆ ಮೊದಲು ಹೊಗೆಯಾಡುತ್ತೆ, ಊದಿದರೆ ಹತ್ತಿಕೊಳ್ಳುತ್ತೆ. ಬೇರೆ ಊರಿನ ಹೆಂಗಸರು ಇಂಥ ಝಳ ಬಂದಾಗ ಬೀಸಣಿಗೆ ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಡುತ್ತಾರಂತೆ. ಪುಣ್ಯವಂತರು, ಏನು ಹೇಳೋಣ.

ಊರು ಮಲಗಿದ ಮೇಲೆ ಒಲೆಯ ಕೆಂಡವೆಲ್ಲ ತಾನಾಗಿ ತಣ್ಣಗಾಗಿಬಿಡುತ್ತೆ, ಎಷ್ಟು ಬೂದಿ ಮುಚ್ಚಿಟ್ಟರೂ ಉಳಿಯಲ್ಲ. ಹಾಗಾಗಿ ದಿನಾ ಬೆಳಗಾದರೆ ಹೊಸ ಬೆಂಕಿ ಬೇಕು. ಒಂದು ಕೇರಿಯ ಬೆಂಕಿ ಇನ್ನೊಂದು ಕೇರಿಗೆ ಆಗಿಬರಲ್ಲ, ತಿರುವು ದಾಟೋ ಹೊತ್ತಿಗೆ ಆರಿಹೋಗುತ್ತೆ. ಅದಕ್ಕೇ ಕೇರಿಗೊಬ್ಬಳು ಕಿಚ್ಚಮ್ಮ. ಮುಟ್ಟು ನಿಂತು ವರ್ಷ ತುಂಬಿದವಳು ಕೇರಿಯ ಒಲೆಯ ಮುಂದೆ ಬಂದು ನಿಂತು ನನಗೆ ನಿಂತಿತು ಅಂತ ಹೇಳಬೇಕು. ಅವತ್ತಿನಿಂದ ಅವಳ ಕೊರಳಿಗೆ ದಿನಾ ಮಲ್ಲಿಗೆ ಹಾರ, ಕೂರೋಕೆ ಮುಂದಿನ ಮಣೆ. ಅದರ ಜೊತೆಗೆ ಹಾಲು, ಮೊಸರು, ಮಜ್ಜಿಗೆ, ರಾಗಿ ಅಂಬಲಿ, ಎಳನೀರು ಎಲ್ಲ ಬಂದ್. ತಂಪು ಪದಾರ್ಥ ತಿಂದರೆ ಕೈ ಆರಿಹೋಗುತ್ತೆ ಅಂತ ನಂಬಿಕೆ. ಹುರುಳಿ ಸಾರು, ಮೆಣಸು, ಕೊಬ್ಬರಿ, ಬೆಲ್ಲ ಮನೆಮನೆಯಿಂದ ಬರುತ್ತೆ. ಫ್ಯಾನಿನ ಕೆಳಗೆ ಕೂರೋ ಹಾಗಿಲ್ಲ, ನೆಲದ ಮೇಲೆ ಬರೀ ಮೈಯಲ್ಲಿ ಮಲಗೋ ಹಾಗಿಲ್ಲ. ಇದನ್ನೆಲ್ಲ ಪ್ರೀತಿಯಿಂದಲೇ ಮಾಡುತ್ತಾರೆ, ಅದೇ ದೊಡ್ಡ ತೊಂದರೆ.

ನಾನು ದೇವೀರಮ್ಮ. ನಮ್ಮದು ಪುರಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಪುರಿ ಮಾಡಿ ಸುತ್ತಲ ಸಂತೆಗಳಿಗೆ ಕಳಿಸೋ ಮನೆತನ, ಬೆಂಕಿ ಇಲ್ಲದಿದ್ದರೆ ನಾವೂ ಇಲ್ಲ. ನಮ್ಮ ಯಜಮಾನರು ಹೋದ ಮೇಲೆ ಭಟ್ಟಿ ನೋಡಿಕೊಳ್ಳೋದು ನಾನು, ಮೈದುನ ಗುರುಮಲ್ಲು, ಅವನ ಹೆಂಡತಿ ನೀಲಾಂಬಿಕೆ. ನಮ್ಮ ಕೇರಿಗೆ ಬಹಳ ವರ್ಷ ನಾನೇ ಕಿಚ್ಚಮ್ಮ. ನನ್ನ ಮೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ, ಹೆಂಗೋ ತಡೆದುಕೊಂಡೆ. ಹಾಸಿಗೆ ಒದ್ದೆಯಾದರೆ ಮಗ್ಗುಲು ಬದಲಾಯಿಸಿದೆ, ಸಿಟ್ಟು ಬಂದರೆ ಪಾತ್ರೆ ಕುಕ್ಕಿದೆ. ಕೊನೆಗೆ ಒಂದು ಬೆಳಗ್ಗೆ ನಾರು ಹಿಡಿದುಕೊಂಡು ಕೂತೇ ಇದ್ದೆ, ಕೈ ತಣ್ಣಗೇ ಇತ್ತು. ಕೇರಿಯವರು ಸಪ್ಪೆ ಮುಖ ಮಾಡಿದರು. ನಾನು ಸೀದಾ ಮನೆಗೆ ಬಂದು ಒಂದು ಚೆಂಬು ಮಜ್ಜಿಗೆ ಗಟಗಟ ಕುಡಿದು ಮಲಗಿದೆ.

ನನ್ನ ಕೈ ಆರಿದ ಮೇಲೆ ಯಾರು ಅಂತ ಕೇರಿಗೆ ಕೇರಿಯೇ ತಲೆ ಕೆಡಿಸಿಕೊಂಡಿತ್ತು. ಎದುರು ಮನೆ ಹೂವಿನ ಭದ್ರಮ್ಮನಿಗೆ ಐವತ್ತು ದಾಟಿತ್ತು, ಆದರೆ ಅವಳು ತಿಂಗಳು ತಿಂಗಳು ತಪ್ಪದೆ ಮೂರು ದಿನ ಹೊರಗಿನ ಜಗಲಿಯಲ್ಲೇ ಕೂರುತ್ತಿದ್ದಳು. ನನಗಿನ್ನೂ ಬಿಟ್ಟಿಲ್ಲ ಕಣಕ್ಕ, ಏನು ಕರ್ಮವೋ ಅಂತ ಹಾದುಹೋಗುವವರಿಗೆಲ್ಲ ಹೇಳುತ್ತಿದ್ದಳು. ಟೈಲರ್ ವಿಮಲ ಮಿಷನ್ನು ಒಳಗಿನಿಂದ ಎತ್ತಿ ಗಾಳಿ ಬರುತ್ತೆ ಅಂತ ಬೀದಿ ಬಾಗಿಲಿಗೆ ಹಾಕಿಕೊಂಡಿದ್ದಳು, ಅವಳೂ ಇನ್ನೂ ನಿಂತಿಲ್ಲ ಅಂದಳು. ಅಷ್ಟರಲ್ಲಿ ನಮ್ಮ ನೀಲ ಬಾಯಿ ಬಿಟ್ಟಳು. ಅವಳಿಗಿನ್ನೂ ಮೂವತ್ತೊಂಬತ್ತು. ವರ್ಷದ ಮೇಲಾಗಿತ್ತಂತೆ ನಿಂತು. ಮಕ್ಕಳಾಗಲಿಲ್ಲ ಅನ್ನೋ ಕೊರಗಿನಲ್ಲಿ ಯಾರಿಗೂ ಹೇಳದೆ ಒಳಗೊಳಗೇ ನುಂಗಿಕೊಂಡಿದ್ದಳು. ಹೇಳಿದ ದಿನ ಅವಳು ಅಳುತ್ತಿದ್ದಳು, ಕೇರಿಯವರು ಸಿಹಿ ಹಂಚಿದರು. ಇಷ್ಟು ಚಿಕ್ಕ ವಯಸ್ಸಿನ ಕಿಚ್ಚಮ್ಮ ಯಾವ ಕೇರಿಗೂ ಸಿಕ್ಕಿಲ್ಲ, ಇನ್ನು ಎಷ್ಟೋ ವರ್ಷ ಚಿಂತೆಯಿಲ್ಲ ಅಂತ ಕೇರಿ ಯಜಮಾನ ಕಾಳಪ್ಪನವರು ಎಲ್ಲರ ಮುಂದೆ ಹೇಳಿದರು. ಭದ್ರಮ್ಮ ತಾನೇ ಹಾರ ಕಟ್ಟಿ ತಂದು ಹಾಕಿದಳು.

ಅವಳ ಬೆಂಕಿ ನೋಡಬೇಕಿತ್ತು. ನನ್ನ ಕೈಯಲ್ಲಿ ನಾರು ಹೊಗೆಯಾಡೋಕೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬೇಕಿತ್ತು. ಅವಳು ಮುಟ್ಟಿದರೆ ಸಾಕು, ಭಗ್ ಅನ್ನೋದು. ಮನೆಮನೆಯವರು ಹೆಂಚಿನ ಚೂರಿನಲ್ಲಿ ಕೆಂಡ ತೆಗೆದುಕೊಂಡು ಹೋಗುವಾಗ ನೀಲಮ್ಮನ ಕೈ ಲಕ್ಷ್ಮಿ ಕೈ ಅನ್ನೋರು. ಆ ಕೈಯ ಹೆಂಗಸು ಮಾತ್ರ ದಿನದಿನಕ್ಕೆ ಇಳಿದುಹೋಗುತ್ತಿದ್ದಳು. ರಾತ್ರಿ ನಿದ್ದೆ ಅನ್ನೋದೇ ಇಲ್ಲ. ಲೆಕ್ಕ ಹೇಳುವಾಗ ನಡುವೆ ಮರೆತು ನನ್ನ ಮುಖ ನೋಡೋಳು. ಒಂದು ದಿನ ಪುರಿ ಬುಟ್ಟಿ ಎತ್ತಿದಳು ನೋಡಿ, ಪುರಿ ಬುಟ್ಟಿ ಅಂದರೆ ಮಗುವೂ ಎತ್ತೋ ಭಾರ, ಜಾರಿ ಕೈ ಊರಿದಳು, ಮಣಿಕಟ್ಟು ಮುರಿಯಿತು. ಆ ಕೈಗೆ ಕಟ್ಟು ಹಾಕಿದ ಮೇಲೆ ಇನ್ನೊಂದು ಕೈಯಲ್ಲಿ ಬೆಂಕಿ ಹೊತ್ತಿಸಿದಳು. ಆಮೇಲೆ ಒಮ್ಮೆ ಬಗ್ಗಿ ಚಾಪೆ ಸುತ್ತುವಾಗ ಬೆನ್ನಲ್ಲಿ ಚಳಕ್ ಅಂತು ಅಂತ ಹಾಗೇ ಕೂತುಬಿಟ್ಟಳು. ಎಬ್ಬಿಸಿ ನಿಲ್ಲಿಸಿದರೆ ಮೊದಲಿನಷ್ಟು ಎತ್ತರ ಕಾಣಲಿಲ್ಲ.

ನದಿಯ ಆಚೆ ದಡದ ಆಸ್ಪತ್ರೆಗೆ ಡಾಕ್ಟರ್ ರೆಹಾನಾ ಅಂತ ಹೊಸದಾಗಿ ಬಂದಿದ್ದರು. ಸಂತೆಗೆ ಪುರಿ ಹಾಕೋಕೆ ಹೋಗುತ್ತೇವೆ ಅಂತ ಹೇಳಿ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಹೋದೆ. ಡಾಕ್ಟರಮ್ಮ ಮೂಳೆಯ ಫೋಟೋ ತೆಗೆಸಿದರು, ರಕ್ತ ನೋಡಿದರು, ಮನೆತನದಲ್ಲಿ ಯಾರಿಗಾದರೂ ಎದೆಯಲ್ಲಿ ಗಂಟು ಬಂದಿತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೆದಕಿ ಕೆದಕಿ ಕೇಳಿದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಹೆಂಗಸಿನ ಮೈಯಲ್ಲಿ ಮುಟ್ಟು ತರಿಸೋ ಹಾರ್ಮೋನು ಮೂಳೆಯನ್ನೂ ಕಾಯುತ್ತದಂತೆ. ಐವತ್ತರ ಹತ್ತಿರ ಅದು ಇಳಿಯೋದು ಸಹಜ, ಇವಳಿಗೆ ಹತ್ತು ವರ್ಷ ಮೊದಲೇ ಬತ್ತಿಹೋಗಿದೆ. ಬೆನ್ನಿನ ಒಂದು ಮೂಳೆ ಆಗಲೇ ಕುಸಿದಿದೆ. ಹಾರ್ಮೋನನ್ನು ಹೊರಗಿನಿಂದ ಕೊಡಬೇಕು, ಐವತ್ತು ಐವತ್ತೊಂದರ ತನಕವಾದರೂ. ಸೊಂಟದ ಕೆಳಗೆ ಒಂದು ಅಂಟುಪಟ್ಟಿ, ವಾರಕ್ಕೆರಡು ಸಲ ಬದಲಾಯಿಸಬೇಕು. ಗರ್ಭಕೋಶ ಇರೋದರಿಂದ ಅದಕ್ಕೆ ತೊಂದರೆಯಾಗದ ಹಾಗೆ ರಾತ್ರಿ ಒಂದು ಗುಳಿಗೆ. ಎಲ್ಲರಿಗೂ ಇದು ಹೊಂದಲ್ಲ, ನಿಮ್ಮ ಓರಗಿತ್ತಿಗೆ ಹೊಂದುತ್ತೆ, ಆಗಾಗ ಬಂದು ತೋರಿಸಬೇಕು ಅಂದರು. ಹಾಲು ಮೊಸರು ರಾಗಿ ಚೆನ್ನಾಗಿ ಕೊಡಿ ಅಂತಲೂ ಸೇರಿಸಿದರು. ನಾನು ನೀಲನ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು.

ಝಳ ಏನಾಗುತ್ತೆ ಅಂತ ನಾನು ಕೇಳಿದೆ. ಕೆಲವು ವಾರದಲ್ಲಿ ನಿಲ್ಲುತ್ತೆ, ಒಳ್ಳೆಯದೇ ಅಲ್ಲವಾ ಅಂತ ಡಾಕ್ಟರಮ್ಮ ನಕ್ಕರು. ಪಾಪ, ಆಚೆ ದಡದವರು, ಅವರಿಗೆ ಹೇಗೆ ಗೊತ್ತಾಗಬೇಕು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ಬೇಡ ಅಕ್ಕ ಅಂದಳು. ನಿಮಗೆ ಆಗಿದ್ದು ನನಗ್ಯಾಕೆ ಆಗಬಾರದು, ನೀವೂ ತಡೆದುಕೊಂಡಿರಲ್ಲ ಅಂದಳು. ನನಗೂ ಒಳಗೆ ಅದೇ ಮಾತು ಕೊರೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೇರಿಯಲ್ಲಿ ಇವಳನ್ನು ಬಿಟ್ಟರೆ ಯಾರೂ ಇಲ್ಲ. ಮೂಲೆ ಮನೆಯಲ್ಲಿ ಬಾಣಂತಿ ಇದ್ದಳು, ಅವಳ ಕೂಸಿಗೆ ದಿನಾ ಬಿಸಿನೀರು ಬೇಕು. ನಮ್ಮ ಭಟ್ಟಿ ಬೇರೆ. ಆದರೆ ನನಗೆ ನಿಂತಿದ್ದು ನಲವತ್ತೆಂಟಕ್ಕೆ. ಇವಳು ನಾನು ಕೊಟ್ಟಷ್ಟು ವರ್ಷ ಕೊಟ್ಟು ಮುಗಿಸೋ ಹೊತ್ತಿಗೆ ಬೆನ್ನುಮೂಳೆ ಅನ್ನೋದು ಉಳಿದಿರಬೇಕಲ್ಲ. ಗಾಡಿ ಸೇತುವೆ ಮೇಲೆ ಕುಲುಕಿದಾಗ ಅವಳು ಹಲ್ಲು ಕಚ್ಚಿಕೊಂಡು ಕಣ್ಣು ಮುಚ್ಚಿದಳು. ನನಗೆ ಅಷ್ಟು ಸಾಕಾಯಿತು. ಅಲ್ಲೇ ಗಾಡಿ ನಿಲ್ಲಿಸಿ, ಪೊಟ್ಟಣ ಹರಿದು, ಅವಳ ಸೀರೆ ಸರಿಸಿ ಪಟ್ಟಿ ಅಂಟಿಸಿದೆ. ಬೆಂಕಿ ವಿಷಯ ನನಗೆ ಬಿಡು, ಬಾಯಿ ಮುಚ್ಚಿಕೊಂಡು ಮಲಗು ಅಂತ ಗದರಿದೆ. ಬೆಂಕಿ ವಿಷಯ ಏನು ಮಾಡಬೇಕು ಅಂತ ನನಗೆ ಏನೇನೂ ಗೊತ್ತಿರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಮೊಸರು ಕದ್ದು ತಿನ್ನೋ ಕಾಲ ಬಂತು. ನಾನು ಬಾಗಿಲು ಹಾಕಿ ಮೊಸರನ್ನ ಕಲಸೋಳು, ಅವಳು ಗೋಡೆ ಕಡೆ ತಿರುಗಿ ತಿನ್ನೋಳು. ಕೇರಿಯವರು ತಂದ ಹುರುಳಿ ಸಾರನ್ನು ನಾನೇ ಕುಡಿದು ಕುಡಿದು ಬಾಯೆಲ್ಲ ಹುಣ್ಣಾಯಿತು. ಗುರುಮಲ್ಲುಗೆ ಹೇಳಿದ ದಿನ ಅವನು ಬೆವತುಬಿಟ್ಟ. ಒಳ್ಳೆಯವನೇ, ಆದರೆ ಯಜಮಾನರು ಕೆಮ್ಮಿದರೆ ಎದ್ದು ನಿಲ್ಲೋ ಜಾತಿ. ಕೇರಿ ನಮ್ಮನ್ನು ಬಿಡಲ್ಲ ಅತ್ತಿಗೆ ಅಂದ. ನಿನ್ನ ಹೆಂಡತಿ ಬೇಕಾ ಕೇರಿ ಬೇಕಾ ಅಂತ ಕೇಳಿದೆ, ಎದ್ದು ಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿ ಬಂದ. ಮೂರು ನಾಲ್ಕು ವಾರ ಕಳೆಯುವ ಹೊತ್ತಿಗೆ ನೀಲ ಒಂದೇ ಸಮನೆ ನಿದ್ದೆ ಮಾಡೋಕೆ ಶುರು ಮಾಡಿದಳು. ಲೆಕ್ಕ ತಪ್ಪೋದು ನಿಂತಿತು. ಒಂದು ಮಧ್ಯಾಹ್ನ ಯಾವುದೋ ಮಾತಿಗೆ ನಕ್ಕಳು, ಆ ನಗು ಕೇಳಿ ಎಷ್ಟು ಕಾಲ ಆಗಿತ್ತೋ. ಅದರ ಜೊತೆಗೇ ಬೆಳಗಿನ ಬೆಂಕಿ ತಡವಾಗತೊಡಗಿತು.

ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಹೆಂಚಿನ ಚೂರು ಹಿಡಿದು ನಿಂತವರು ಕಾಲು ಬದಲಾಯಿಸೋಕೆ ಶುರು ಮಾಡಿದರು. ನಾರು ಬರೀ ಹೊಗೆಯಾಡೋದು, ನಾನು ಪಕ್ಕದಲ್ಲಿ ಕೂತು ಎದೆ ಬಿರಿಯೋ ಹಾಗೆ ಊದೋಳು. ಹಸಿ ನಾರು ಅಂತ ಬೈದೆ, ಗಾಳಿ ಅಂತ ಬೈದೆ. ಎಲ್ಲರಿಗಿಂತ ಹೆಚ್ಚು ಕಣ್ಣಿಟ್ಟು ನೋಡುತ್ತಿದ್ದವಳು ಭದ್ರಮ್ಮ. ಅವಳದ್ದು ಬೀದಿ ಜಗಲಿಯಲ್ಲೇ ವ್ಯಾಪಾರ, ಒದ್ದೆ ಬಟ್ಟೆ ಹೊದಿಸಿದ ಹೂವಿನ ಬುಟ್ಟಿ, ಪಕ್ಕದಲ್ಲಿ ನೀರಿನ ಬೋಗುಣಿ. ಯಾವಾಗ ನೋಡಿದರೂ ಕೈ ಆ ನೀರಿನಲ್ಲೇ. ಇತ್ತೀಚೆಗೆ ಅವಳ ಹೂವು ಮೊದಲಿನ ಹಾಗಿರಲಿಲ್ಲ, ಕಟ್ಟಿದ ಕಡೆ ಕಂದಿಹೋಗಿರೋದು. ಹಳೇ ಹೂ ಹಾಕ್ತೀಯಾ ನಮ್ಮ ಹುಡುಗಿಗೆ ಅಂತ ನಾನು ಒಂದೆರಡು ಸಲ ಜಗಳ ಆಡಿದ್ದೆ. ಅವಳು ಮುಖ ತಿರುಗಿಸಿಕೊಂಡು ಕೈಯನ್ನು ಮತ್ತೆ ನೀರಿಗೆ ಅದ್ದಿದ್ದಳು. ಅದೇ ಭದ್ರಮ್ಮ ಈಗ ನೀಲ ಏನೋ ತಂಪು ತಿನ್ನುತ್ತಿದ್ದಾಳೆ, ದೇವೀರಮ್ಮನ ಮನೆ ಕಿಟಕಿಯಿಂದ ಮೊಸರಿನ ವಾಸನೆ ಬಂತು ಅಂತ ಬಾವಿ ಕಟ್ಟೆಯಲ್ಲಿ ಹೇಳಿದಳು. ಹೇಳಿದ್ದು ಸಂಜೆಯೊಳಗೆ ಕಾಳಪ್ಪನವರ ಕಿವಿಗೆ ಬಿತ್ತು.

ಒಂದು ಬೆಳಗ್ಗೆ ಬಿಸಿಲು ಮಾಳಿಗೆ ಏರುವ ತನಕ ಬೆಂಕಿ ಹತ್ತಲಿಲ್ಲ. ಕೊನೆಗೆ ಏನೋ ಒಂದು ಕಿಡಿ ಬಂತು, ಅಷ್ಟರಲ್ಲಿ ಬಾಣಂತಿಯ ತಾಯಿ ಒಲೆಯ ಮುಂದೆ ನಿಂತು ಅತ್ತುಬಿಟ್ಟಿದ್ದಳು. ಅವಳೇನು ತಪ್ಪು ಮಾಡಿದ್ದಾಳೆ ಪಾಪ. ಅವತ್ತೇ ಮಧ್ಯಾಹ್ನ ಕಾಳಪ್ಪನವರು ನಮ್ಮ ಮನೆಗೆ ಬಂದು ಕೂತರು. ದೊಡ್ಡ ದನಿ ಮಾಡೋ ಮನುಷ್ಯ ಅಲ್ಲ, ಮೆತ್ತಗೆ ಮಾತಾಡಿಯೇ ಕತ್ತು ಹಿಡಿಯೋ ಪೈಕಿ. ನಾಳೆ ಬೆಳಗ್ಗೆ ಬೆಂಕಿ ಹೊತ್ತಿನೊಳಗೆ ಬರದಿದ್ದರೆ ಕೇರಿಯ ಹೆಂಗಸರು ನೀಲಮ್ಮನಿಗೆ ಉಷ್ಣದ ಸ್ನಾನ ಮಾಡಿಸುತ್ತಾರೆ ಅಂದರು. ಅಂದರೆ ಮೈಗೆಲ್ಲ ಸಾಸಿವೆ ಅರೆದು ಹಚ್ಚಿ, ಬಿಸಿಲಿಗೆ ಕೂರಿಸಿ, ತಲೆಯಿಂದ ಕಾಲಿನ ತನಕ ತಿಕ್ಕೋದು. ನಾನೇ ಮಾಡಿಸ್ತೀನಿ ಅಂದೆ. ಬೇಡ ದೇವೀರಮ್ಮ, ಭದ್ರಮ್ಮ ಮಾಡಿಸುತ್ತಾಳೆ, ಮನೆಯವರಿಗೆ ಕನಿಕರ ಇರುತ್ತೆ ಅಂತ ಹೇಳಿ ಎದ್ದರು. ಆಮೇಲೆ ಅವಳನ್ನು ಎಲ್ಲರಿಗೂ ಸೇರಿದ ಕೇರಿಯ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ, ಊಟ ತಿಂಡಿ ಎಲ್ಲ ಅಲ್ಲೇ ಅಂತ ಬಾಗಿಲಲ್ಲಿ ನಿಂತು ಸೇರಿಸಿದರು. ಗುರುಮಲ್ಲು ತಲೆ ತಗ್ಗಿಸಿಕೊಂಡು ನಿಂತಿದ್ದ.

ಅವರು ಹೋದ ಮೇಲೆ ನಾನು ಒಳಗೆ ಹೋದೆ. ನೀಲ ಗೋಡೆಗೆ ಒರಗಿ ಕೂತು ಸೀರೆ ನೆರಿಗೆ ಸಡಿಲಿಸಿ ಆ ಪಟ್ಟಿಯ ಅಂಚು ಉಗುರಿನಿಂದ ಎಬ್ಬಿಸುತ್ತಿದ್ದಳು. ನಾನು ಹೋಗಿ ಕೈ ಹಿಡಿದುಕೊಂಡೆ.

"ಕಿತ್ತುಬಿಡ್ತೀನಿ ಅಕ್ಕ. ಇದನ್ನ ಅವರು ನೋಡಿದ್ರೆ ನಿಮ್ಮನ್ನೂ ಬಿಡಲ್ಲ."

"ಕಿತ್ತರೆ ನಾಳೆಗೇ ಝಳ ಬಂದುಬಿಡುತ್ತಾ? ನಿಲ್ಲೋಕೇ ಎಷ್ಟೋ ವಾರ ಬೇಕಾಯ್ತಲ್ಲ."

"ನಾಳೆ ಅಲ್ಲದಿದ್ರೆ ಮುಂದಿನ ವಾರ ಬರುತ್ತಲ್ಲ. ಬರಲಿ ಬಿಡಿ." ಅವಳು ನನ್ನ ಕಡೆ ತಿರುಗಿದಳು. "ಅಕ್ಕ, ನಿಜ ಹೇಳ್ಲಾ? ನಂಗೆ ಭಯ ಆಗುತ್ತೆ. ಮತ್ತೆ ಆ ಬೆನ್ನು ನೋವು ಬಂದ್ರೆ ನಾನು ಉಳಿಯಲ್ಲ."

ಇಷ್ಟು ದಿನ ಏನನ್ನೂ ಬೇಕು ಅನ್ನದ ಹುಡುಗಿ ಅವಳು. ಮಕ್ಕಳಿಲ್ಲ ಅಂತ ಜನ ಆಡಿಕೊಂಡಾಗಲೂ ಬಾಯಿ ತೆರೆದವಳಲ್ಲ. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎದ್ದ ಅಂಚನ್ನು ಬೆರಳಲ್ಲಿ ಒತ್ತಿ ಮತ್ತೆ ಅಂಟಿಸಿದೆ. ನನ್ನ ಪ್ರಾಣ ಹೋದರೂ ಇದನ್ನ ಯಾರೂ ಕೀಳಲ್ಲ ಅಂತ ಹೇಳಿದೆ. ಹೇಳಿದ್ದೇನೋ ಹೇಳಿದೆ, ದಾರಿ ಮಾತ್ರ ಯಾವುದೂ ಕಾಣಲಿಲ್ಲ. ಬೇರೆ ಕೇರಿಗೆ ಹೋಗಿ ಬೇಡಿಕೊಂಡರೆ ಬೆಂಕಿ ಬರಲ್ಲ, ಆಚೆ ದಡಕ್ಕೆ ಓಡಿಸೋಣ ಅಂದರೆ ಗಾಡಿ ಜೋರಾಗಿ ಓಡಿಸಿದರೆ ಆ ಕುಲುಕಾಟವನ್ನು ಅವಳ ಬೆನ್ನು ತಡೆಯುವ ಹಾಗಿರಲಿಲ್ಲ. ಕೊನೆಗೆ ನಾನೇ ಒಂದು ಹಿಡಿ ಮೆಣಸು ಅಗಿದು ನುಂಗಿ ನಾರು ಹಿಡಿದು ಕೂತು ನೋಡಿದೆ. ಹೊಟ್ಟೆ ಉರಿಯಿತು, ಕೈ ತಣ್ಣಗೇ ಇತ್ತು.

ಬೆಳಗಾಯಿತು. ಅವತ್ತು ಕೆಂಡ ತೆಗೆದುಕೊಂಡು ಹೋಗೋಕೆ ಮನೆಗೊಬ್ಬರು ಬರಲಿಲ್ಲ, ಇಡೀ ಮನೆಮಂದಿಯೇ ಬಂದಿದ್ದರು. ಬಾಣಂತಿಯೂ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನೀಲನನ್ನು ಗುರುಮಲ್ಲು ತೋಳು ಹಿಡಿದು ಕರೆತಂದ. ಒಲೆಯ ಒಂದು ಪಕ್ಕ ಭದ್ರಮ್ಮ ಬುಟ್ಟಿ ಬೋಗುಣಿ ಇಟ್ಟುಕೊಂಡು ಹಾರ ಕಟ್ಟುತ್ತಿದ್ದಳು, ಆಗಷ್ಟೇ ಬಳ್ಳಿಯಿಂದ ಬಿಡಿಸಿದ ಮೊಗ್ಗು, ಅದರ ಮೇಲೆ ಇಬ್ಬನಿಯ ನೀರು ಇನ್ನೂ ಇತ್ತು. ಇನ್ನೊಂದು ಪಕ್ಕ ಸಾಸಿವೆ ಅರೆದ ಕಲ್ಲು. ನೀಲ ಮಣೆಯ ಮೇಲೆ ಕೂತು ನಾರು ಹಿಡಿದಳು. ನಾನು ಊದಿದೆ. ಅವಳ ಅಂಗೈ ಮುಟ್ಟಿ ನೋಡಿದೆ, ಒಳ್ಳೇ ಆರೋಗ್ಯವಂತ ಹೆಂಗಸಿನ ಕೈ, ಮೆತ್ತಗೆ ಬೆಚ್ಚಗೆ ಅಷ್ಟೇ. ಬೇರೆ ಯಾವ ಊರಾಗಿದ್ದರೂ ಸಂತೋಷ ಪಡಬೇಕಿತ್ತು. ಬಿಸಿಲು ಮಾಳಿಗೆಗೆ ಬಂತು, ಗೋಡೆಗೆ ಇಳಿಯಿತು, ನಾರು ಹಾಗೇ ಇತ್ತು. ಕಾಳಪ್ಪನವರು ಭದ್ರಮ್ಮನ ಕಡೆ ನೋಡಿ ತಲೆಯಾಡಿಸಿದರು.

ಭದ್ರಮ್ಮ ಕಟ್ಟುತ್ತಿದ್ದ ಹಾರವನ್ನು ನನ್ನ ಕೈಗೆ ಕೊಟ್ಟು, ಇದನ್ನ ಹಿಡ್ಕೊಂಡಿರಿ ಅಂತ ಹೇಳಿ ನೀಲನ ಸೆರಗಿಗೆ ಕೈ ಹಾಕಿದಳು. ನೀಲ ಎರಡೂ ಕೈಯಿಂದ ಸೊಂಟದ ಹತ್ತಿರ ಸೀರೆ ಒತ್ತಿ ಹಿಡಿದುಕೊಂಡಳು, ಅದನ್ನು ಎಲ್ಲರೂ ನೋಡಿದರು. ಅಲ್ಲೇನೋ ಇದೆ ಅಂತ ಯಾರೋ ಹಿಂದಿನಿಂದ ಅಂದರು. ನಾನು ಅಡ್ಡ ಹೋಗಬೇಕು ಅಂತ ಹಾರವನ್ನು ಎಸೆಯೋಕೆ ಹೊರಟೆ, ಆಗ ಕಣ್ಣಿಗೆ ಬಿತ್ತು. ಬುಟ್ಟಿಯಲ್ಲಿದ್ದ ಮೊಗ್ಗು ಅಚ್ಚ ಬಿಳುಪು. ನನ್ನ ಕೈಯಲ್ಲಿದ್ದ ಹಾರದಲ್ಲಿ ಒಂದೊಂದು ಗಂಟಿನ ಹತ್ತಿರವೂ ಮಲ್ಲಿಗೆ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು, ಬೆರಳು ಒತ್ತಿದಷ್ಟೇ ಅಗಲ. ಈಗ ಬಿಡಿಸಿದ ಹೂವು, ಈಗ ಕಟ್ಟಿದ ಹಾರ. ನಾನು ಭದ್ರಮ್ಮನ ಮುಖ ನೋಡಿದೆ. ಕತ್ತು ಕಿವಿ ಎಲ್ಲ ಕೆಂಪಗೆ, ತುಟಿಯ ಮೇಲೆ ಬೆವರ ಹನಿ ಸಾಲುಗಟ್ಟಿತ್ತು. ಕೈ ಬೋಗುಣಿಯಿಂದ ಹೊರಗೆ ಬಂದು ಬಹಳ ಹೊತ್ತಾಗಿತ್ತು. ಅಷ್ಟು ವರ್ಷ ಆ ಝಳವನ್ನು ನನ್ನ ಮೈಯಲ್ಲೇ ಇಟ್ಟುಕೊಂಡವಳು ನಾನು, ನನಗೆ ಇನ್ನೊಬ್ಬರು ಹೇಳಿಕೊಡಬೇಕಾ.

ನಾನು ಅವಳ ಮಣಿಕಟ್ಟು ಹಿಡಿದೆ. ಸುಟ್ಟ ಹಾಗಾಯಿತು, ಬಿಡಲಿಲ್ಲ. ನೆಲದ ಮೇಲಿದ್ದ ನಾರನ್ನು ಎತ್ತಿ ಅವಳ ಅಂಗೈಗೆ ಒತ್ತಿದೆ. ಬಿಡಿ ಅಕ್ಕ, ಬಿಡಿ ಅಂತ ಅವಳು ಒಂದೇ ಸಲ ಅಂದಳು, ಅದೂ ನನಗೆ ಮಾತ್ರ ಕೇಳಿಸುವಷ್ಟು. ಊದೋದೂ ಬೇಕಾಗಲಿಲ್ಲ. ಭಗ್ ಅಂತ ಹತ್ತಿಕೊಂಡಿತು.

ಅವಳು ಉರಿಯೋ ನಾರನ್ನು ಒಲೆಗೆ ಬಿಟ್ಟು ಅಲ್ಲೇ ಕುಸಿದು ಕೂತಳು. ಬೆರಣಿ ಹತ್ತಿಕೊಂಡಿತು, ಯಾರೂ ಕೆಂಡಕ್ಕೆ ಮುಂದೆ ಬರಲಿಲ್ಲ. ನನಗೆ ಬಂದ ಸಿಟ್ಟಿಗೆ ಅವಳ ಜುಟ್ಟು ಹಿಡಿದು ಬೀದಿಯಲ್ಲಿ ಎಳೆದಾಡಬೇಕು ಅನ್ನಿಸಿತು. ಎಷ್ಟು ವರ್ಷದಿಂದ, ನಿಜ ಹೇಳು ಅಂತ ಕೇಳಿದೆ. ಐದು ವರ್ಷದ ಮೇಲಾಯಿತಂತೆ. ಅಂದರೆ ನನ್ನ ಕೈ ಆರುವ ಮೊದಲೇ. ತಿಂಗಳು ತಿಂಗಳು ಆ ಜಗಲಿಯಲ್ಲಿ ಮೂರು ದಿನ ಕೂತಿದ್ದೆಲ್ಲ ನಾಟಕ.

"ನಮ್ಮವ್ವ ಈ ಕೇರಿಗೆ ಕಿಚ್ಚಮ್ಮ ಆಗಿದ್ದಳು, ನಿಮಗೆ ಗೊತ್ತಲ್ಲ ದೇವೀರಕ್ಕ," ಅಂದಳು ಭದ್ರಮ್ಮ. ಮುಖ ಎತ್ತಲಿಲ್ಲ. "ಕೊನೆಗೆ ಮಲಗೋಕಾಗ್ತಿರಲಿಲ್ಲ ಅವಳಿಗೆ. ಬೆನ್ನು ಮಡಿಚಿಹೋಗಿತ್ತು. ಗೋಡೆಗೆ ಒರಗಿಸಿ ಕೂರಿಸ್ತಿದ್ದೆ. ಒಂದು ಗುಟುಕು ಮಜ್ಜಿಗೆ ಕೊಡೇ ಅಂತ ಕೇಳ್ತಿದ್ದಳು, ಬೆಂಕಿ ಹೋಗುತ್ತೆ ಅಂತ ನಾನು ಕೊಡಲಿಲ್ಲ. ಕೂತಲ್ಲೇ ಹೋದಳು. ನನಗೆ ಅದು ಬೇಡ ಅನ್ನಿಸ್ತು, ಅಷ್ಟೇ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಅವ್ವನನ್ನು ನಾನೂ ನೋಡಿದ್ದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಬಗ್ಗಿಕೊಂಡೇ ಬೀದಿಯಲ್ಲಿ ನಡೆಯೋದು ನೋಡಿ, ದೊಡ್ಡವರು ನೆಲಕ್ಕೆ ನಮಸ್ಕಾರ ಮಾಡಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ನೀಲ ಮಣೆಯಿಂದ ನಿಧಾನಕ್ಕೆ ಎದ್ದು ಬಂದು ಭದ್ರಮ್ಮನ ಪಕ್ಕದಲ್ಲಿ ಕೂರಲು ನೋಡಿದಳು, ಬೆನ್ನು ಬಗ್ಗಲಿಲ್ಲ, ನಿಂತೇ ಅವಳ ಹೆಗಲ ಮೇಲೆ ಕೈ ಇಟ್ಟಳು.

ಕಾಳಪ್ಪನವರು ಮುಂದೆ ಬಂದರು. ಆಗಿದ್ದಾಯಿತು, ಕೇರಿಗೆ ಬೆಂಕಿ ಸಿಕ್ಕಿತಲ್ಲ ಅಂತ ಹೇಳಿ ನನ್ನ ಕೈಯಿಂದ ಹಾರ ತೆಗೆದುಕೊಂಡರು. ಭದ್ರಮ್ಮನ ಕೊರಳಿಗೆ ಹಾಕೋಕೆ ಬಗ್ಗಿದರು. ನಾಳೆಯಿಂದ ಭದ್ರಮ್ಮನ ಮನೆಗೆ ಹುರುಳಿ ಕಳಿಸಬೇಕು ಅಂತ ಆಗಲೇ ಒಬ್ಬಿಬ್ಬರು ಹೆಂಗಸರು ಮಾತಾಡಿಕೊಳ್ಳೋದು ಕೇಳಿಸಿತು. ಭದ್ರಮ್ಮ ತಪ್ಪಿಸಿಕೊಳ್ಳಲಿಲ್ಲ, ಕಣ್ಣು ಮುಚ್ಚಿ ಕತ್ತು ಬಗ್ಗಿಸಿದಳು. ಅದನ್ನು ನೋಡಿ ನನಗೆ ತಡೆಯಲಿಲ್ಲ. ಹಾರವನ್ನು ಕಿತ್ತು ಬೋಗುಣಿಯ ನೀರಿಗೆ ಹಾಕಿದೆ.

"ಯಜಮಾನ್ರೇ, ನಿಮಗೆ ಅನ್ನ ಬೇಯಿಸೋಕೆ ಬೆಂಕಿ ಬೇಕು, ಸರಿ. ನನಗೂ ಬೇಕು, ಭಟ್ಟಿ ಇಟ್ಟುಕೊಂಡವಳು ನಾನು. ಇವತ್ತಿಂದ ಕೆಂಡ ಬೇಕಾದೋರು ಹೆಂಚಿನ ಚೂರಿನ ಜೊತೆ ಒಂದು ಲೋಟ ಮೊಸರು ತರಬೇಕು. ಬೆಂಕಿ ಕೊಟ್ಟವಳು ಅದನ್ನ ಎಲ್ಲರ ಎದುರಿಗೇ ತಿನ್ನಬೇಕು. ತಿಂದ ಮೇಲೂ ಕೈ ಹತ್ತಿಕೊಂಡರೆ ಹತ್ತಿಕೊಳ್ಳಲಿ. ಒಬ್ಬಳನ್ನೇ ಕೂರಿಸಿ ಸುಟ್ಟುಹಾಕೋದು ಇನ್ನು ಸಾಕು."

ಆರಿಹೋದರೆ ಏನು ಮಾಡೋದು ಅಂತ ಕೇಳಿದರು ಕಾಳಪ್ಪನವರು. ಆರಿಹೋದರೆ ನೆನೆಸಿದ ಅವಲಕ್ಕಿ ತಿನ್ನಿ ಅಂದೆ. ಅವರು ನನ್ನನ್ನು ಕೆಕ್ಕರಿಸಿ ನೋಡಿದರು. ಸುತ್ತಲೂ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು, ನನ್ನ ಪರ ಒಬ್ಬರೂ ಮಾತಾಡಲಿಲ್ಲ. ಬಾಣಂತಿಯ ತಾಯಿ ಮಾತ್ರ ಮನೆಗೆ ಹೋಗಿ ಒಂದು ಲೋಟ ಹಿಡಿದುಕೊಂಡು ಬಂದಳು. ಮಗಳಿಗೆ ಅಂತ ಇಟ್ಟಿದ್ದು ಅಂತ ಹೇಳಿ ಭದ್ರಮ್ಮನ ಮುಂದೆ ಇಟ್ಟಳು. ಭದ್ರಮ್ಮ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮೊದಲ ಗುಟುಕನ್ನು ನೆಲಕ್ಕೆ ಸುರಿದಳು. ಅವ್ವನಿಗೆ ಅಂತ ಅವಳು ಹೇಳಲಿಲ್ಲ, ಹೇಳೋದು ಬೇಕಾಗಿರಲಿಲ್ಲ. ಉಳಿದಿದ್ದನ್ನು ಕುಡಿದಳು.

ಮಾರನೇ ದಿನ ಬೆಳಗ್ಗೆ ನಾನು ಎದೆ ಹಿಡಿದುಕೊಂಡೇ ಒಲೆಯ ಹತ್ತಿರ ಹೋದೆ. ಹಿಂದಿನ ದಿನ ಮೊಸರು ತಿಂದ ಭದ್ರಮ್ಮನ ಕೈ ಆರಿಹೋಗಿದ್ದರೆ ನಮ್ಮನ್ನು ಊರಿನಿಂದ ಆಚೆ ಹಾಕುತ್ತಾರೆ ಅನ್ನೋದು ಖಾತ್ರಿಯಿತ್ತು. ಅವಳು ಬಂದು ಕೂತಿದ್ದಳು, ನಾರು ಹಿಡಿದಿದ್ದಳು. ಲೋಟ ತಂದವರು ಅರ್ಧ ಜನ, ತರದೆ ಬಂದವರು ಅರ್ಧ ಜನ. ಬೆಂಕಿ ಹತ್ತಿತು. ಮೊಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಇಷ್ಟು ತಲೆಮಾರು ನಮ್ಮ ಹೆಂಗಸರ ಬಾಯಿಂದ ಸುಮ್ಮನೆ ಕಿತ್ತುಕೊಂಡಿದ್ದರು. ಕೆಂಡ ಹಂಚುತ್ತಿರುವಾಗ ಟೈಲರ್ ವಿಮಲ ನನ್ನ ಪಕ್ಕಕ್ಕೆ ಬಂದು ನಿಂತಳು. ಅಂಗೈ ಬೆವರನ್ನು ಸೀರೆಗೆ ಒರೆಸಿಕೊಳ್ಳುತ್ತಾ, ನಾಳೆ ನಾನು ಕೂರ್ಲಾ ಅಕ್ಕ, ಭದ್ರಮ್ಮಂಗೆ ಒಂದಿನ ಬಿಡುವಾಗುತ್ತೆ ಅಂದಳು. ನಿನಗೆ ಯಾವಾಗಿನಿಂದ ಅಂತ ನಾನು ಕೇಳಲಿಲ್ಲ. ಝಳ ತಡೆಯೋಕಾಗದಿದ್ದರೆ ಆಚೆ ದಡದಲ್ಲಿ ಡಾಕ್ಟರಮ್ಮ ಇದ್ದಾರೆ, ನಿನ್ನ ಮೈಗೆ ಏನು ಹೊಂದುತ್ತೆ ಅಂತ ಅವರೇ ನೋಡಿ ಹೇಳುತ್ತಾರೆ, ಒಟ್ಟಿಗೆ ಹೋಗೋಣ ಅಂತ ಮಾತ್ರ ಹೇಳಿದೆ.

ಹೆಂಚಿನ ಚೂರಿನಲ್ಲಿ ಕೆಂಡ ತೆಗೆದುಕೊಂಡು ಮನೆಗೆ ಬಂದೆ. ಗುರುಮಲ್ಲು ಭಟ್ಟಿಗೆ ಮರಳು ಸುರಿಯುತ್ತಿದ್ದ, ಶಬ್ದ ಮಾಡಬೇಡಿ ಅತ್ತಿಗೆ ಅಂತ ಕೈಸನ್ನೆ ಮಾಡಿದ. ನಡುಮನೆಯಲ್ಲಿ ನೀಲ ಫ್ಯಾನಿನ ಕೆಳಗೆ ಮಗ್ಗುಲಾಗಿ ಮಲಗಿದ್ದಳು, ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹೊರಗೆ ಒಂದೊಂದೇ ಮನೆಯಿಂದ ಹೊಗೆ ಏಳುತ್ತಿತ್ತು. ಇಷ್ಟು ವರ್ಷದಲ್ಲಿ ಕೇರಿಗೆ ಬೆಂಕಿ ಬರೋ ಹೊತ್ತಿನಲ್ಲಿ ನಮ್ಮ ಮನೆಯ ಹೆಂಗಸೊಬ್ಬಳು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೆಂಡವನ್ನು ಬಾಗಿಲ ಬಳಿ ಇಟ್ಟು ಅವಳ ಕಾಲ ಹತ್ತಿರ ಕೂತೆ. ಭಟ್ಟಿ ಹಚ್ಚೋದು ಅವತ್ತು ಸ್ವಲ್ಪ ತಡವಾಯಿತು.